ಹಳ್ಳದ ಬಾಜೂ ನಿಂತವನು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಯಲ್ಲಿ ಬೇಟೆನಾಯಿ ಕಂಡರೂ ಅದರ ಬಾಯಿ ಮೂಸಿ ನೋಡುತ್ತೇನೆ.

ಕಳೆದ ತಿಂಗಳು ಹೆಂಡತಿ ಸುಮಿತ್ರೆಯ ಜೊತೆ ಬನಹಟ್ಟಿಗೆ ಹೋಗಿದ್ದೆ. ಅವಳ ತಂಗಿಯ ಮಗಳ ಮದುವೆಗೆ ಸೀರೆ ನೋಡಬೇಕಿತ್ತು. ಮಗ್ಗದ ಮಾಲಕರು ಹಳೆಯ ಪರಿಚಯದವರು. ಚಹಾ ತರಿಸಿದರು, ಸೀರೆ ಹರವಿದರು. ಸುಮಿತ್ರೆ ಸೆರಗು ನೋಡುತ್ತಿದ್ದಳು, ನಾನು ಹಿತ್ತಲ ಬಾಗಿಲಿಗೆ ಕಟ್ಟಿದ್ದ ನಾಯಿಯನ್ನು ನೋಡುತ್ತಿದ್ದೆ. ಮುಧೋಳದ ತಳಿ. ಉದ್ದ ಮೋರೆ, ಸಣ್ಣ ನಡ, ಉಪವಾಸದ ಸ್ವಾಮಿಗಳ ಹಾಗೆ ಎಣಿಸಬಹುದಾದ ಎಲುಬು. ಮೆಲ್ಲಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ, ತಲೆ ಸವರಿದೆ, ತುಟಿ ಎತ್ತಿ ಮೂಗು ಹತ್ತಿರ ಒಯ್ದೆ.

“ರಾಯರ, ಅದೇನ ಪಂಚನಾಮಿ ನಡಸೀರಿ?” ಎಂದರು ಮಾಲಕರು ಹಿಂದಿನಿಂದ.

“ಹಲ್ಲು ಛಲೋ ಅವ ನೋಡ್ರಿ,” ಎಂದೆ.

“ಹಲ್ಲ ನೋಡಾಕ ಮೂಗ ಯಾಕ ಬೇಕರಿ?”

ಸುಮಿತ್ರೆ ನನ್ನನ್ನು ನೋಡಿದ ನೋಟಕ್ಕೆ ಅಲ್ಲಿದ್ದ ರೇಷ್ಮೆಯೂ ಸುಕ್ಕಾಗಬೇಕು. ನಾಯಿಯ ಬಾಯಲ್ಲಿ ಇದ್ದದ್ದು ಹಾಲುರೊಟ್ಟಿಯ ವಾಸನೆ, ಬೇಟೆಯ ರಕ್ತದ್ದಲ್ಲ. ಆದರೆ ನನ್ನಂಥವನಿಗೆ ಅದರಿಂದ ಸಮಾಧಾನವೆಲ್ಲಿ? ಬಾಯಿ ತೊಳೆಸಿರಬಹುದಲ್ಲ, ಎಂದುಕೊಂಡೇ ಬಸ್ಸು ಹತ್ತಿದೆ.

ಇದಕ್ಕೆ ನನ್ನ ನೌಕರಿಯನ್ನು ದೂರಿದರೆ ಸುಲಭ. ಜಮಖಂಡಿಯ ಕೋರ್ಟಿನಲ್ಲಿ ಕಾರಕೂನನಾಗಿ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ದೇವರ ಮೇಲೆ ಪ್ರಮಾಣ ಮಾಡಿ ನಿಜವನ್ನೇ ಹೇಳುತ್ತೇನೆ ಎಂದವರ ಮಾತುಗಳನ್ನು ದಿನವಿಡೀ ಕೇಳುತ್ತಾ ಕೂತರೆ, ಸಂಜೆ ಮನೆಗೆ ಬಂದಾಗ ಹೆಂಡತಿ ‘ಸಾರಿಗೆ ಉಪ್ಪು ಹಾಕೇನಿ’ ಅಂದರೂ ಸಾಕ್ಷಿ ಬೇಕೆನಿಸುತ್ತದೆ. ಆದರೆ ನಿಜ ಹೇಳಬೇಕೆಂದರೆ ನೌಕರಿಗಿಂತ ಮೊದಲೇ ನನಗೆ ಈ ರೋಗ ಹತ್ತಿತ್ತು. ಹತ್ತಿಸಿದ್ದು ಒಂದು ನರಿ. ನರಿ ಅನ್ನುವುದಕ್ಕಿಂತ ಅದರ ಕೊಂಬು.

ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಗೆ ಒಬ್ಬ ನರಿಕೊಂಬು ಮಾರುವವನು ಬಂದ. ಬೆರಳ ತುದಿಯಷ್ಟು ಗಾತ್ರದ, ಸುತ್ತಲೂ ಕಂದು ಕೂದಲಿದ್ದ ಒಂದು ವಸ್ತು. ಮನೆಯಲ್ಲಿಟ್ಟರೆ ದೃಷ್ಟಿ ತಾಗುವುದಿಲ್ಲ, ಕೋರ್ಟು ವ್ಯವಹಾರ ಗೆಲ್ಲುತ್ತದೆ ಎಂದ. ನಮ್ಮ ಅಜ್ಜಿಗೆ ಮನೆಯಲ್ಲಿ ಮರಾಠಿ, ದೇವರ ಮುಂದೆ ಸಂಸ್ಕೃತ, ಬಾಗಿಲಿಗೆ ಬಂದವರ ಜೊತೆ ಚೌಕಾಶಿಗೆ ಕನ್ನಡ. ಮೂರೂ ಭಾಷೆಯಲ್ಲಿ ಜಾಣೆ. ಅಂಥವಳು ಒಂದು ಮಾತೂ ಎದುರಾಡದೆ ಅದನ್ನು ಕೊಂಡು ಕುಂಕುಮದ ಭರಣಿಯಲ್ಲಿ ಮುಚ್ಚಿಟ್ಟಳು. ನನಗೆ ನಿದ್ದೆ ಹತ್ತಲಿಲ್ಲ. ನರಿಗೆ ಕೊಂಬು ಎಲ್ಲಿರುತ್ತದೆ? ಸಾಲೆಯ ಪುಸ್ತಕದ ನರಿಗೆ ಇರಲಿಲ್ಲವಲ್ಲ! ಮರುದಿನ ಭರಣಿಯಿಂದ ಕದ್ದು ಬಿಸಿನೀರಲ್ಲಿ ಹಾಕಿದೆ. ಕೂದಲು ಒಂದು ಕಡೆ, ಅಂಟು ಒಂದು ಕಡೆ, ಆಡಿನ ಗೊರಸಿನ ಚೂರು ಒಂದು ಕಡೆ ಆಯಿತು. ಅಜ್ಜಿಗೆ ತೋರಿಸಿದೆ. ಶಾಭಾಸ್ ಅನ್ನುತ್ತಾಳೆಂದು ತಿಳಿದಿದ್ದೆ. ಆಕೆ ಬೆನ್ನಿಗೆ ನಾಲ್ಕು ಕೊಟ್ಟಳು. ಮೋಸ ಮಾಡಿದವನು ಊರು ಬಿಟ್ಟು ಹೋಗಿದ್ದ, ಮೋಸ ಕಂಡುಹಿಡಿದವನು ಕೈಗೆ ಸಿಕ್ಕಿದ್ದ.

ಅದೇ ಅಜ್ಜಿ ಊರಿಗೆ ಹೊರಟಾಗ ನರಿ ಎಡಕ್ಕೆ ಹಾಯ್ದಿತೋ ಬಲಕ್ಕೆ ಹಾಯ್ದಿತೋ ನೋಡುವವಳು. ಅಜ್ಜ ಮಾತ್ರ ‘ನರಿ ಎಡಕ್ಕೆ ಹೋದರೇನು, ಬಲಕ್ಕೆ ಹೋದರೇನು, ಮೈಮೇಲೆ ಬೀಳದಿದ್ದರೆ ಸಾಕು’ ಎಂದು ಛತ್ರಿ ಹಿಡಿದು ಮುಂದೆ ನಡೆಯುತ್ತಿದ್ದರು. ಸಂಸ್ಥಾನದ ಕಾಲವನ್ನು ಕಣ್ಣಾರೆ ಕಂಡವರು. ಬೇಟೆ ಅಂದರೆ ಅವರಿಗೆ ಭಕ್ತಿ. ತಾವು ಇರುವೆ ತುಳಿದರೂ ರಾಮ ರಾಮ ಅನ್ನುವವರು, ದೊಡ್ಡವರ ಶಿಕಾರಿಯ ಕಥೆ ಮಾತ್ರ ಊಟದ ಎಲೆ ಒಣಗುವ ತನಕ ಹೇಳುವರು.

“ಬ್ಯಾಟಿಗೂ ಒಂದು ಧರ್ಮ ಅದ,” ಎನ್ನುವರು. “ಮಲಗಿದ ಮೊಲದ ಮ್ಯಾಲೆ ನಾಯಿ ಬಿಡಬಾರದು. ಎಬ್ಬಿಸಿ, ಓಡಲಿಕ್ಕೆ ಬಿಟ್ಟು, ಆಮ್ಯಾಲೆ ಬಿಡಬೇಕು.”

“ಎಬ್ಬಿಸದಿದ್ರ ಅದು ಮಲಗೇ ಇರತಿತ್ತಲ್ಲ ಅಜ್ಜ?” ಎಂದು ಕೇಳಿದೆ.

ಆ ಸಲ ಪೆಟ್ಟು ತಲೆಗೆ ಬಿತ್ತು. ಆದರೆ ಪ್ರಶ್ನೆ ಹೋಗಲಿಲ್ಲ. ಬೇಟೆಯ ಧರ್ಮದ ಬಗ್ಗೆ ಮಾತಾಡುವವರನ್ನು ಆಮೇಲೆ ಬಹಳ ಮಂದಿಯನ್ನು ಕಂಡಿದ್ದೇನೆ. ಗಬ್ಬದ ಪ್ರಾಣಿಗೆ ಹೊಡೆಯಬಾರದು, ನೀರು ಕುಡಿಯುವಾಗ ಹೊಡೆಯಬಾರದು, ಒಂದಕ್ಕೆ ಎರಡಕ್ಕಿಂತ ಹೆಚ್ಚು ನಾಯಿ ಬಿಡಬಾರದು. ಎಲ್ಲರೂ ನಾಯಿಯ ಹಗ್ಗ ಹಿಡಿದ ಕೈಯವರೇ. ಮೊಲದ ಪರವಾಗಿ ವಕಾಲತ್ತು ಹಾಕಿದ ಒಬ್ಬರನ್ನೂ ನಾನು ಕಾಣಲಿಲ್ಲ. ಒಂದೇ ಪಕ್ಷದವರು ಕೂತು ಬರೆದ ಕರಾರುಪತ್ರಕ್ಕೆ ಕೋರ್ಟಿನಲ್ಲಿ ಏನು ಬೆಲೆ ಇರುತ್ತದೆಂದು ನನಗೆ ಗೊತ್ತು.

ಇಷ್ಟೆಲ್ಲ ದೊಡ್ಡ ಮಾತಾಡುವ ನಾನೂ ಒಂದು ಸಲ ಹೋಗಿದ್ದೇನೆ. ಕಾಲೇಜಿನಲ್ಲಿದ್ದಾಗ, ಗೆಳೆಯರ ಜೊತೆ, ಬೀಳಗಿಯ ಕಡೆಗೆ. ಈಗ ಹಿನ್ನೀರು ಬಂದು ನಿಂತಿರುವ ಜಾಗ ಆಗ ಎರೆಹೊಲ. ಜೋಳ ಕೊಯ್ದ ಕೂಳೆಯ ನಡುವಿನಿಂದ ಮೊಲ ಎದ್ದಿತು, ನಾಯಿಗಳು ಬಿದ್ದವು, ಅವುಗಳ ಹಿಂದೆ ನಾವು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಮೊಲ ಬದುಕಿಡೀ ಬಾಯಿ ಬಿಡುವುದಿಲ್ಲ, ಸಾಯುವಾಗ ಒಂದೇ ಸಲ ಕೂಗುತ್ತದೆ ಎನ್ನುತ್ತಾರೆ. ಆ ಕೂಗು ಕೂಸಿನ ಅಳುವಿನ ಹಾಗಿತ್ತು. ಅಂದು ರಾತ್ರಿ ಊಟ ಸೇರಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಅದು ಖರೆ. ಆದರೆ ಓಡುವಾಗ ಭಾರಿ ಖುಷಿಯಾಗಿತ್ತು. ಹಿಡೀ, ಹಿಡೀ ಎಂದು ಗಂಟಲು ಹರಿಯುವ ಹಾಗೆ ಒದರಿದವನು ನಾನೇ. ಅದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನು ಸಿಕ್ಕಿಬೀಳುತ್ತಾನೆ. ನಾನು ಜಾಣ, ನನ್ನ ಹೆಗಲು ಬಿಟ್ಟು ಊರವರ ಹೆಗಲೆಲ್ಲ ಮುಟ್ಟಿ ನೋಡುತ್ತಾ ಬಂದೆ.

ಈಗ ಕಾನೂನು ಬಿಗಿಯಾಗಿದೆ. ಹಾಗಾಗಿ ನಮ್ಮ ಕಡೆ ಯಾರೂ ಬೇಟೆಗೆ ಹೋಗುವುದಿಲ್ಲ. ನಾಯಿಗೆ ‘ವಾಕಿಂಗ್’ ಮಾಡಿಸುತ್ತಾರೆ. ಹಳ್ಳ ದಾಟಿ, ಗುಡ್ಡ ಹತ್ತಿ, ಐದಾರು ಮಂದಿ ಕೋಲು ಹಿಡಿದು ಮಾಡಿಸುವ ವಾಕಿಂಗ್. ಮುಧೋಳದ ನಾಯಿಗೆ ಈಗ ದೇಶದಲ್ಲೆಲ್ಲ ಹೆಸರು, ಸೈನ್ಯದಲ್ಲೂ ಮರ್ಯಾದೆ. ಒಳ್ಳೆಯದೇ ಆಯಿತು. ಆದರೆ ತೋಟ ಕಾಯಲು ಸಾಕಿದ್ದೇವೆ ಎಂದು ಯಾರಾದರೂ ಹೇಳಿದರೆ, ನನ್ನ ಮೂಗು ತಾನೇ ತಾನಾಗಿ ನಾಯಿಯ ಕಡೆಗೆ ಬಾಗುತ್ತದೆ.

ಈ ಮೂಗು ಮಾಡಿದ ಅನಾಹುತವನ್ನು ಹೇಳಿಬಿಡುತ್ತೇನೆ.

ಸಾವಳಗಿಯ ಹತ್ತಿರ ನಮ್ಮದು ನಾಲ್ಕು ಎಕರೆ ಹೊಲ ಇದೆ. ಈರಪ್ಪ ಎನ್ನುವವನು ಪಾಲಿಗೆ ಮಾಡುತ್ತಾನೆ. ಅವನ ಅಪ್ಪನೂ ನಮ್ಮಪ್ಪನ ಕಾಲದಲ್ಲಿ ಅದನ್ನೇ ಮಾಡುತ್ತಿದ್ದ. ಏನು ಬಿತ್ತಿದ, ಯಾವಾಗ ನೀರು ಬಿಟ್ಟ ಎಂದು ನಾನು ಕೇಳಿದವನಲ್ಲ, ಅವನು ಹೇಳಿದವನೂ ಅಲ್ಲ. ಊರೆಲ್ಲವನ್ನೂ ಅನುಮಾನಿಸುವ ನಾನು ಆ ಒಬ್ಬ ಮನುಷ್ಯನನ್ನು ಹೇಗೋ ಬಿಟ್ಟಿದ್ದೆ. ಅವನ ಮಾತು ಕಡಿಮೆ. ಕೋರ್ಟಿನಲ್ಲಿ ಅಂಥ ಸಾಕ್ಷಿ ಅಪರೂಪ.

ಅವನಲ್ಲಿ ಒಂದು ಮುಧೋಳ ನಾಯಿ ಇತ್ತು, ಹೆಸರು ಹೀರಾ. ಮೂರು ವರ್ಷದ ಹಿಂದೆ, ಕಬ್ಬು ಕಡಿಯುವ ಹಂಗಾಮಿನಲ್ಲಿ, ಹೊಲಕ್ಕೆ ಹೋದಾಗ ಅದರ ಮೋರೆಯ ಮೇಲೆ ರಕ್ತ ಕಂಡಿತು.

“ಇದೇನೋ ಈರಪ್ಪ?”

“ಕಬ್ಬಿನ ಎಲಿ ಕೊಯ್ದೈತ್ರಿ ರಾಯರ. ಒಳಗ ಹೊಕ್ಕಿತ್ತು.”

ಕಬ್ಬಿನ ಎಲೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹೊಲದಲ್ಲಿ ಅಡ್ಡಾಡಿದ ಎಲ್ಲರಿಗೂ ಗೊತ್ತಿದ್ದ ಮಾತು. ನನಗೂ ಗೊತ್ತಿತ್ತು. ಆದರೂ ಮನಸ್ಸಿನಲ್ಲಿ ಬೀಜ ಬಿದ್ದುಹೋಯಿತು.

ಕಬ್ಬಿನ ಹೊಲದೊಳಗೆ ಒಂದು ಊರೇ ಇರುತ್ತದೆ. ಇಲಿ, ಮೊಲ, ಹಂದಿ, ನರಿ. ಆಳೆತ್ತರದ ನೆರಳು, ಕಾಲಡಿಗೆ ತಂಪು, ವರ್ಷಪೂರ್ತಿ ಯಾರ ಕಾಟವೂ ಇಲ್ಲ. ಕಡಿಯುವವರು ಒಂದು ಬದಿಯಿಂದ ಕಡಿಯುತ್ತಾ ಬಂದ ಹಾಗೆ ಇವೆಲ್ಲ ಒಳಕ್ಕೆ ಒಳಕ್ಕೆ ಸರಿಯುತ್ತವೆ. ಕೊನೆಯ ದಿನ ಅಂಗಳದಷ್ಟು ಕಬ್ಬು ಉಳಿದಿರುತ್ತದೆ, ಸುತ್ತ ಬಯಲು, ನಡುವೆ ಎಲ್ಲ ಜೀವಗಳೂ. ಆ ದಿನ ಯಾವುದೆಂದು ಸುತ್ತಲಿನ ನಾಯಿ ಸಾಕಿದವರಿಗೆಲ್ಲ ಗೊತ್ತಿರುತ್ತದೆ. ಕರೆಯದಿದ್ದರೂ ಬರುತ್ತಾರೆ. ಈ ಬೇಟೆಗೆ ಓಡುವ ಕೆಲಸವೂ ಇಲ್ಲ, ಸುತ್ತುಗಟ್ಟಿ ನಿಂತರಾಯಿತು.

ಆ ವರ್ಷ ನಮ್ಮ ಹೊಲದಲ್ಲಿ ಒಂದು ನರಿ ಇತ್ತು. ಸಂಜೆ ಹೊಲದಲ್ಲಿ ಕೂತಾಗ ಬದುವಿನ ಮೇಲೆ ಅದು ಹಾಯ್ದುಹೋಗುವುದನ್ನು ಎರಡು ಸಲ ನೋಡಿದ್ದೆ. ಎಡಕ್ಕೋ ಬಲಕ್ಕೋ ನೆನಪಿಲ್ಲ. ಕೊಂಬಂತೂ ಇರಲಿಲ್ಲ. ಅದಕ್ಕೆ ಏನೂ ಆಗಬಾರದೆಂದು ನನಗೆ ಯಾಕೆ ಅಷ್ಟು ಹಟ ಹತ್ತಿತೋ ಹೇಳಲಾರೆ. ಬೀಳಗಿಯ ಮೊಲದ ಸಾಲ ತೀರಿಸುವ ಆಸೆ ಇದ್ದಿರಬೇಕು.

ಕಬ್ಬು ಮುಗಿಯುವ ಎರಡು ದಿನ ಮೊದಲು ಈರಪ್ಪನಿಗೆ ಫೋನು ಮಾಡಿ, ಕೊನೆಯ ದಿನ ಬರುತ್ತೇನೆ ಎಂದೆ.

“ಬರ್ರಿ. ಖರೆ ಒಂದ ಮಾತ ನೋಡ್ರಿ. ಹಳ್ಳದ ಬಾಜೂ ಯಾರೂ ನಿಂದರಬಾರದು.”

“ಯಾಕೋ?”

“ಹಿಂದಿಂದ ಹಂಗ ನಡಕೋತ ಬಂದೈತ್ರಿ,” ಎಂದು ಫೋನು ಇಟ್ಟುಬಿಟ್ಟ. ಅವನ ಹಿಂದೆ ನಾಲ್ಕಾರು ಮಂದಿಯ ನಗೆ ಕೇಳಿತು, ಒಂದು ನಾಯಿ ಬೊಗಳಿದ್ದೂ ಕೇಳಿತು.

ನನಗೆ ಎಲ್ಲ ಅರ್ಥವಾಯಿತು ಎಂದುಕೊಂಡೆ. ನಮ್ಮ ಹೊಲದ ಕೆಳಬದಿಗೆ ಒಂದು ಹಳ್ಳವಿದೆ, ದಂಡೆಯುದ್ದಕ್ಕೂ ಜಾಲಿಕಂಟಿ. ಅಲ್ಲಿ ಯಾರೂ ನಿಲ್ಲಬಾರದೆಂದರೆ ಅಲ್ಲಿ ಏನೋ ಇದೆ. ಬಲೆ ಹಾಕಿರುತ್ತಾರೆ, ಇಲ್ಲವೇ ಉರುಲು. ಮೂರು ಕಡೆಯಿಂದ ಗದ್ದಲ ಮಾಡಿ ನಾಲ್ಕನೆಯ ಕಡೆಗೆ ಓಡಿಸುತ್ತಾರೆ. ಮೋರೆಯ ರಕ್ತ, ಫೋನಿನ ನಗೆ, ಯಾರೂ ನಿಲ್ಲಬಾರದ ಜಾಗ. ಮೂರು ಸಾಕ್ಷಿ ಒಂದಕ್ಕೊಂದು ಕೂಡಿದವು. ಈರಪ್ಪನೂ ಹಾಗೆಯೇ ಆದನಲ್ಲ ಎಂದು ಬೇಸರವಾಯಿತು. ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ? ಅನುಮಾನದವನಿಗೆ ತನ್ನ ಅನುಮಾನ ನಿಜವಾದಾಗ ಆಗುವಷ್ಟು ತೃಪ್ತಿ ಊಟದಲ್ಲೂ ಇಲ್ಲ.

ಸುಮಿತ್ರೆಗೆ ಹೇಳಿದೆ.

“ಈರಪ್ಪ ಹಂಗ ಮಾಡೂ ಮನುಷ್ಯ ಅಲ್ಲರೀ,” ಎಂದಳು. “ಸುಮ್ಮನ ಹೋಗಿ ಅವನ್ನಽ ಕೇಳ್ರಿ.”

“ಕೇಳಿದ್ರ ಖರೆ ಹೇಳತಾನೇನು?” ಎಂದೆ.

ಆ ದಿನ ಬೆಳಿಗ್ಗೆ ಹೊಲದ ಮೇಲ್ಬದಿಯಿಂದ ಹೋಗದೆ, ಹಳ್ಳದ ಗುಂಟ ಸುತ್ತುಹಾಕಿ ಬಂದೆ. ಬಿಳಿ ಅಂಗಿ, ತಲೆಗೆ ಟೊಪಿಗೆ, ಕೈಯಲ್ಲಿ ಮೊಬೈಲು. ವಿಡಿಯೋ ತೆಗೆದು ಇಟ್ಟುಕೊಂಡರೆ ಯಾರೂ ಇಲ್ಲವೆನ್ನಲಾರರು. ಮೊದಲು ಕಂಟಿಯೆಲ್ಲ ಹುಡುಕಿದೆ. ಬಲೆ ಇರಲಿಲ್ಲ. ಉರುಲೂ ಇರಲಿಲ್ಲ. ಅಲ್ಲಿಗಾದರೂ ತಿಳಿಯಬೇಕಿತ್ತು. ಬಲೆ ಇಲ್ಲವೆಂದರೆ ಈಗ ತರುತ್ತಾರೆ ಎಂದುಕೊಂಡು, ಹಳ್ಳಕ್ಕೂ ಕಬ್ಬಿಗೂ ನಡುವೆ, ಬಯಲಲ್ಲಿ, ಕಂಬದ ಹಾಗೆ ನಿಂತೆ.

ಮೇಲುಗಡೆ ಹತ್ತು ಹನ್ನೆರಡು ಮಂದಿ, ನಾಲ್ಕೈದು ನಾಯಿ. ಈರಪ್ಪ ಅವರ ಮುಂದೆ ಕೈ ಬೀಸಿ ಏನೋ ಹೇಳುತ್ತಿದ್ದ. ಹೀರಾನನ್ನು ಬೇವಿನ ಗಿಡಕ್ಕೆ ಕಟ್ಟಿದ್ದ. ಕಡಿಯುವವರ ಕೊಯ್ತಾ ಕತ್ತಿಯ ಸಪ್ಪಳ ಹತ್ತಿರ ಹತ್ತಿರ ಬಂತು. ಕಬ್ಬು ಒಂದು ಹಾಸಿಗೆಯಷ್ಟು ಉಳಿದಾಗ, ನನ್ನ ಎದುರಿನ ಎಲೆ ಅಲುಗಿ ನರಿ ಹೊರಗೆ ಬಂತು.

ನನಗೂ ಅದಕ್ಕೂ ಇಪ್ಪತ್ತು ಹೆಜ್ಜೆ. ನಾಯಿಗಿಂತ ಗಿಡ್ಡ, ಬೆನ್ನ ಮೇಲೆ ಧೂಳು, ಕಿವಿ ನೆಟ್ಟಗೆ. ಅದು ಗಾಬರಿಯಿಂದ ಬಂದಿರಲಿಲ್ಲ. ಗೊತ್ತಿದ್ದ ದಾರಿಯಲ್ಲಿ ಬರುವವರ ಹಾಗೆ ಬಂದಿತ್ತು. ನನ್ನನ್ನು ಕಂಡು ನಿಂತಿತು. ನಾನು ಮೊಬೈಲು ಎತ್ತಿದೆ. ಇನ್ನೊಂದು ಕೈಯಿಂದ ಹಳ್ಳದ ಕಡೆಗೆ ಬೀಸಿ, ಹೋಗು, ಹೋಗು ಎಂದೆ. ಮನುಷ್ಯ ಕೈ ಎತ್ತಿದರೆ ನರಿಗೆ ಏನು ಅರ್ಥವಾಗುತ್ತದೆ? ಗಿರಕ್ಕನೆ ತಿರುಗಿ ಒಳಗೆ ಹೊಕ್ಕಿತು. ಮೇಲುಗಡೆಯಿಂದ ಹೊರಬಿತ್ತು.

ನಾಯಿಗಳ ಗದ್ದಲ ಬಹಳ ಹೊತ್ತು ನಡೆಯಲಿಲ್ಲ.

ನಾನು ಬಯಲು ದಾಟಿ ಮೇಲೆ ಹೋದಾಗ ಮಂದಿ ಚದುರುತ್ತಿದ್ದರು. ನರಿ ರವದಿಯ ಮೇಲೆ, ಕಬ್ಬಿನ ಒಣ ಎಲೆಯ ಮೇಲೆ, ಬಿದ್ದಿತ್ತು. ಈರಪ್ಪ ಅದರ ಹತ್ತಿರ ಕೂತಿದ್ದ. ನನ್ನನ್ನು ನೋಡಿದ, ನಾನು ಬಂದ ದಿಕ್ಕನ್ನು ನೋಡಿದ, ಕೈಯಲ್ಲಿದ್ದ ಮೊಬೈಲನ್ನು ನೋಡಿದ.

“ಹಳ್ಳದ ಬಾಜೂ ನಿಂತಿದ್ರೇನ್ರಿ?”

ಹೌದೆಂದೆ.

“ಅದರ ದಾರಿರಿ ಅದು,” ಎಂದ. “ಕಡೀಕ ಅದೊಂದ ಬಾಜೂ ಬಿಡತೇವ್ರಿ. ನಮ್ಮಪ್ಪ ಬಿಡತಿದ್ದ. ಈ ಮಂದಿ ಬರಬ್ಯಾಡ್ರಿ ಅಂದ್ರ ಬಿಡತಾರೇನ್ರಿ? ಅದಕ್ಕ ನಾನ ಮುಂದಾಗಿ ಕರದು, ನರಿ ಮ್ಯಾಲ ಬರತೈತಿ ಅಂತ ಹೇಳಿ, ಎಲ್ಲಾರ್ನೂ ಮ್ಯಾಲ ನಿಂದರಸ್ತೀನಿ. ಅವರು ಇತ್ತ ಮಾರಿ ಮಾಡಿದಾಗ ಅದು ಅತ್ತ ಹೋಗಿಬಿಡತೈತಿ. ಇಷ್ಟ ವರ್ಷ ಹೋಗೇತ್ರಿ.”

“ನಾ ಯಾಕ ಅಂತ ಕೇಳಿದ್ನೆಲ್ಲೋ! ಹೇಳಬಾರದಿತ್ತೇನು?”

“ಚಹಾದ ಅಂಗಡ್ಯಾಗ ನಿಂತಿದ್ನಿರಿ. ಬಾಜೂಕ ಇವರಽ ನಾಯಿ ಹಿಡಕೊಂಡ ನಿಂತಿದ್ರು. ಅವರ ಮುಂದ ಹ್ಯಾಂಗ ಹೇಳ್ಲಿರಿ?”

ಅವನು ಸಿಟ್ಟಾಗಿದ್ದರೆ, ಬೈದಿದ್ದರೆ, ನಾನೂ ಏನಾದರೂ ವಾದ ಮಾಡಿ ಬಿಡಿಸಿಕೊಳ್ಳುತ್ತಿದ್ದೆ. ಅವನು ನನ್ನ ಮೊಬೈಲಿನ ಕಡೆಗೆ ಗೋಣು ಆಡಿಸಿ, “ನಾ ಬ್ಯಾಟಿ ಮಾಡಸ್ತೀನಿ ಅಂತ ತಿಳದಿದ್ರೇನ್ರಿ?” ಎಂದ. ಕೋರ್ಟಿನಲ್ಲಿ ಅಂಥ ಪ್ರಶ್ನೆಗೆ ಸುಮ್ಮನೆ ನಿಂತರೆ ಒಪ್ಪಿಕೊಂಡ ಹಾಗೆ. ನಾನು ಸುಮ್ಮನೆ ನಿಂತೆ.

ನರಿಯನ್ನು ಹಳ್ಳದ ದಂಡೆಯಲ್ಲಿ ಅವನೇ ಹೂಳಿದ. ಸಲಿಕೆ ಕೇಳಿದೆ, ಕೊಡಲಿಲ್ಲ. “ಇರ್ಲಿ ಬಿಡ್ರಿ, ನಿಮ್ಮ ಅಂಗಿ ಮಣ್ಣ ಆಗತೈತಿ,” ಎಂದ.

ಈರಪ್ಪ ಹೊಲ ಬಿಡಲಿಲ್ಲ. ಮಾತೂ ಬಿಡಲಿಲ್ಲ. ಕಷ್ಟವಿರುವುದು ಅಲ್ಲೇ. ಮೊದಲು ತಿಂಗಳಿಗೊಮ್ಮೆಯೂ ಫೋನು ಮಾಡದವನು ಈಗ ದಿನಾ ಮಾಡುತ್ತಾನೆ. “ರಾಯರ, ಮೋಟರ ಚಾಲೂ ಮಾಡೇನ್ರಿ.” “ರಾಯರ, ಕಳೇಕ ಆಳ ಹಚ್ಚೇನ್ರಿ, ಫೋಟೋ ಕಳಿಸೇನಿ ನೋಡ್ರಿ.” ಮೊಬೈಲು ತೆಗೆದರೆ ಸಾಕು, ನಮ್ಮ ಹೊಲದ ಬದು, ಬಾವಿ, ಗೊಬ್ಬರದ ಚೀಲ. ಪ್ರತಿಯೊಂದಕ್ಕೂ ಪುರಾವೆ. ‘ಬ್ಯಾಡೋ ಮಾರಾಯ, ನಿನ್ನ ಮ್ಯಾಲೆ ನನಗ ನಂಬಿಗಿ ಅದ’ ಎಂದು ಎಷ್ಟು ಸಲ ಹೇಳಿದ್ದೇನೆ. “ಇರ್ಲಿರಿ, ನಿಮಗ ಸಮಾಧಾನ ಇರತೈತಿ,” ಎನ್ನುತ್ತಾನೆ. ಅದರಲ್ಲಿ ಕುಹಕವಿಲ್ಲ. ಕುಹಕವಿದೆಯೋ ಎಂದು ನಾನು ಬಹಳ ಹುಡುಕಿದ್ದೇನೆ, ಇಲ್ಲ.

ಈ ವರ್ಷ ಕಬ್ಬು ಮುಗಿಯುವ ಹಿಂದಿನ ದಿನ ನಾನಾಗಿಯೇ ಫೋನು ಮಾಡಿದೆ. ಅಂದು ಈರಪ್ಪ ನನಗೆ ಹೇಳಿದ ಮಾತು ಚದುರುತ್ತಿದ್ದ ಮಂದಿಯ ಕಿವಿಗೂ ಬಿದ್ದು, ಹಳ್ಳದ ದಾರಿ ಎಲ್ಲರಿಗೂ ಗೊತ್ತಾಗಿತ್ತು. ಅವನು ಬೇರೆ ಬದಿ ಬಿಡುತ್ತಿರಬೇಕು.

“ಈರಪ್ಪ, ನಾಳೆ ಯಾವ ಬಾಜೂ ಬಿಡತಿ?”

“ಅದೊಂದ ಕೇಳಬ್ಯಾಡ್ರಿ ರಾಯರ,” ಎಂದ.

ಆಯಿತೆಂದೆ. ಮರುದಿನ ಹೊಲಕ್ಕೆ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಫೋಟೋ ಬಂತು. ಬರಿದಾದ ಹೊಲ, ಹರಡಿದ ರವದಿ, ದೂರದಲ್ಲಿ ತುಂಬಿ ನಿಂತ ಟ್ರ್ಯಾಕ್ಟರು. ಕೆಳಗೆ ಅವನ ದನಿ: “ಎಲ್ಲಾ ಛಲೋ ಆತ್ರಿ. ಯಾವುದಕೂ ಏನೂ ಆಗಿಲ್ಲ.”

ಎಡಗೈಯ ಎರಡು ಬೆರಳಿಂದ ಫೋಟೋ ಹಿಗ್ಗಿಸಿದೆ. ರವದಿಯನ್ನು ಮೂಲೆಯಿಂದ ಮೂಲೆಗೆ, ಸಾಲಿನಿಂದ ಸಾಲಿಗೆ ಸರಿಸುತ್ತಾ ಹೋದೆ. ಎಲ್ಲಿಯಾದರೂ ಒಂದು ಕೆಂಪು ಕಲೆ ಕಾಣುತ್ತದೆಯೋ ಎಂದು.

“ಏನು ಹುಡಕಲಿಕ್ಕತ್ತೀರಿ?” ಎಂದಳು ಸುಮಿತ್ರೆ, ಅನ್ನ ಬಡಿಸುತ್ತಾ.

“ಏನಿಲ್ಲ. ಕಬ್ಬು ಬುಡಮಟ ಕಡದಾರೋ ಇಲ್ಲೋ ನೋಡಲಿಕ್ಕತ್ತೀನಿ,” ಎಂದೆ.

ಅವಳು ನಂಬಿದಳು.